ಕಿರಿದಾದ ಜಠರವೂ ಬೆಲ್ಲದ ಸವಿಯೂ

ಹೊಸಪೇಟೆಯಿಂದ ಹಂಪೆಗೆ ಹೋಗುವ ದಾರಿಯಲ್ಲಿರುವ ಕಡ್ಡಿರಾಂಪುರದ ಸೀಮೆ ಕಬ್ಬು, ಬಾಳೆಗಳ ಸೀಮೆ. ಹಬ್ಬವೆಂದರೆ ಇಲ್ಲಿ ಹೋಳಿಗೆ ಇರಲೇಬೇಕು. ಸ್ಥೂಲಕಾಯವನ್ನು ಇಳಿಸಲು ಜಠರದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಇಂಥ ಎಲೆಯ ಮುಂದೆ ಕುಳಿತರೆ ಏನಾಗುವುದೆಂಬುದನ್ನು ನಾವು ವಿಚಾರಿಸೋಣ.

ವಯಸ್ಕರ ಜಠರವು ಊಟದ ಹೊತ್ತಿಗೆ ಹಿಗ್ಗಿ ಒಂದು ಲೀಟರಿನಷ್ಟು ಆಹಾರವನ್ನು ಹಿಡಿಯಬಲ್ಲುದು. ಅದರ ಕೆಳದ್ವಾರವು ಆಹಾರವನ್ನು ಸ್ವಲ್ಪಸ್ವಲ್ಪವಾಗಿ ಸಣ್ಣ ಕರುಳಿಗೆ ಬಿಡುತ್ತದೆ. 1966ರಲ್ಲಿ ಅಮೆರಿಕದ ಎಡ್ವರ್ಡ್ ಮೇಸನ್ ಆರಂಭಿಸಿದ ಜಠರ ಬೈಪಾಸ್ ಚಿಕಿತ್ಸೆಯ ಇಂದಿನ ರೂಪದಲ್ಲಿ, ಜಠರದ ಮೇಲ್ಭಾಗದಿಂದ ಸುಮಾರು 30 ಮಿಲಿಲೀಟರಿನ ಚೀಲವೊಂದನ್ನು ಬೇರ್ಪಡಿಸಿ ನೇರವಾಗಿ ಸಣ್ಣ ಕರುಳಿಗೆ ಜೋಡಿಸುವರು. ಕೆಳದ್ವಾರದ ಕಾವಲು ಅಲ್ಲಿಗೆ ತಪ್ಪುತ್ತದೆ.

ಸಿಹಿಯು ಒಮ್ಮೆಲೇ ಕರುಳಿಗಿಳಿದಾಗ ಸಕ್ಕರೆಯು ರಕ್ತದಿಂದ ನೀರನ್ನು ತನ್ನತ್ತ ಸೆಳೆಯುತ್ತದೆ. ಹಲವರಲ್ಲಿ ಅರ್ಧ ಗಂಟೆಯೊಳಗೆ ಹೊಟ್ಟೆನುಲಿತ, ಬೆವರು, ಎದೆಬಡಿತ, ಭೇದಿ ತೋರುವುವು. ಒಂದರಿಂದ ಮೂರು ಗಂಟೆಗಳ ಬಳಿಕ ಇನ್ನೊಂದು ಅಪಾಯವುಂಟು: ಅತಿಯಾಗಿ ಸ್ರವಿಸಿದ ಇನ್ಸುಲಿನ್ ರಕ್ತದ ಸಕ್ಕರೆಯನ್ನು ಮಿತಿಮೀರಿ ಇಳಿಸಿದರೆ ನಡುಕ, ತಲೆಸುತ್ತು, ಮೂರ್ಛೆಯೂ ಬರಬಹುದು. ಬೆಲ್ಲವು ನಿರಪಾಯವೆಂಬ ನಂಬಿಕೆ ಇಲ್ಲಿ ಸಲ್ಲದು. ಅದರಲ್ಲಿಯೂ ಹೆಚ್ಚಿನ ಪಾಲು ಸುಕ್ರೋಸೇ.

ಶಸ್ತ್ರವು ಜಠರವನ್ನು ಕಿರಿದುಗೊಳಿಸೀತು. ನಾಲಿಗೆಯ ರೂಢಿಯನ್ನು ಬದಲಿಸಲಾರದು. ರೂಢಿ ಬದಲಾಗದಿದ್ದರೆ ಇಳಿದ ತೂಕವೂ ಮರಳೀತು. ಆದ್ದರಿಂದ ಹೊಸ ಅಭ್ಯಾಸಗಳು ಬೇಕು: ಮೊದಲು ಬೇಳೆ, ಮೊಸರು, ಮೊಟ್ಟೆಯಂಥ ಸಸಾರಜನಕಭರಿತ ಆಹಾರ, ಚೆನ್ನಾಗಿ ಅಗಿದ ಸಣ್ಣ ತುತ್ತು, ನೀರು ಊಟದ ಜೊತೆಗಲ್ಲದೆ ಅರ್ಧ ಗಂಟೆಯ ಬಳಿಕ. ಸಿಹಿಯಾದರೋ, ವೈದ್ಯರು ಒಪ್ಪಿದ ಮೇಲೆ, ಬರಿಹೊಟ್ಟೆಗಲ್ಲದೆ ಊಟದ ಕೊನೆಗೆ, ಒಂದೇ ಚೂರು. "ಇನ್ನೊಂದು ಹಾಕಿಸಿಕೊಳ್ಳಿ" ಎಂಬ ಒತ್ತಾಯವನ್ನು ಬಿಡುವುದು ಬಡಿಸುವ ನಾವು ಕಲಿಯಬೇಕಾದ ಅಭ್ಯಾಸ.