ಉಳುಮೆಗೆ ತಕ್ಕ ಕಸ



ಕೋಸಗಿ, ಆದೋನಿ ಕಡೆ ಜೋಳ, ಸಜ್ಜೆ, ನವಣೆ ಬೆಳೆಯುವ ನಮಗೆ ಕಳೆ ತೆಗೆಸುವ ಕೂಲಿಯೇ ದೊಡ್ಡ ಹೊರೆ. ದುಡಿಯುವವರು ಗುಳೆ ಹೋದ ಮನೆಗಳಲ್ಲಂತೂ ಆ ಭಾರವೆಲ್ಲ ಉಳಿದ ಹೆಂಗಸರ ಸೊಂಟದ ಮೇಲೆ ಬೀಳುತ್ತದೆ. ಹೊಲದಲ್ಲಿ ಯಾವ ಕಸ ಹೆಚ್ಚುತ್ತದೆ ಎಂಬುದು ಬಹುಮಟ್ಟಿಗೆ ನಾವು ಉಳುವ ರೀತಿಯನ್ನು ಅವಲಂಬಿಸಿದೆ. ಆದ್ದರಿಂದ ಮೊದಲು ಕಸವನ್ನು ಗುರುತಿಸೋಣ.

1. ಬೀಜದಿಂದ ಹುಟ್ಟುವ ಕಸ: ಸಣ್ಣ ಬೀಜಗಳು ಸಾಮಾನ್ಯವಾಗಿ ಮೇಲಿನ ಒಂದೆರಡು ಅಂಗುಲ ಮಣ್ಣಿನಿಂದಲೇ ಮೊಳೆಯುತ್ತವೆ. ಕುಂಟೆ ಮೇಲುಮಣ್ಣನ್ನಷ್ಟೇ ಕದಡುವುದರಿಂದ ಬೀಜ ಅಲ್ಲಿಯೇ ಉಳಿಯುತ್ತದೆ. ಮೊದಲ ಮಳೆಗೆ ಕಸ ಹುಟ್ಟಲು ಬಿಟ್ಟು, ಹರಗಿ, ಆಮೇಲೆ ಕೂರಿಗೆ ಹೂಡಿದರೆ ಅರ್ಧ ಕೆಲಸ ಮುಗಿದಂತೆ. ಆಳವಾಗಿ ಉತ್ತರೆ ಬೀಜ ಕೆಳಗೆ ಹೂತುಹೋಗುತ್ತದೆ. ಮರುವರ್ಷವೂ ಹಾಗೆಯೇ ಉತ್ತರೆ ಜೀವವಿರುವ ಬೀಜ ಮತ್ತೆ ಮೇಲೆ ಬರುತ್ತದೆ. ಮೂರು ವರ್ಷಕ್ಕೊಮ್ಮೆ ಆಳದ ಉಳುಮೆ ಸಾಕು.

2. ಗರಿಕೆ, ಜೇಕು: ಇವು ತುಂಡು ಮತ್ತು ಗಡ್ಡೆಗಳಿಂದ ಹಬ್ಬುತ್ತವೆ. ಹಸಿ ಮಣ್ಣಿನಲ್ಲಿ ರೋಟವೇಟರ್ ಹೊಡೆದರೆ ನಾವೇ ನಾಟಿ ಮಾಡಿದಂತೆ. ಬೇಸಿಗೆಯಲ್ಲಿ ಒಣ ಹೊಲವನ್ನು ಆಳವಾಗಿ ಉತ್ತು, ಹೆಂಟೆಗಳನ್ನು ಬಿಸಿಲಿಗೆ ಬಿಟ್ಟು, ಬೇರು ಆರಿಸಿ ತೆಗೆಯಬೇಕು.

3. ಜೋಳದ ಬೇರು ಹೀರುವ ಸ್ಟ್ರೈಗಾ: ಇದು ಮೇಲೆ ಕಾಣುವ ಹೊತ್ತಿಗೆ ಬೇರಿಗೆ ಹಾನಿಯಾಗಿರುತ್ತದೆ. ಹೀಗಾಗಿ ಎಡೆಕುಂಟೆಯೊಂದರಿಂದಲೇ ಇದು ಹೋಗದು. ಒಂದು ಗಿಡ ಹತ್ತಾರು ಸಾವಿರ ದೂಳಿನಂಥ ಬೀಜ ಉದುರಿಸುತ್ತದೆ. ಅವು ಹತ್ತು ವರ್ಷಕ್ಕೂ ಹೆಚ್ಚು ಕಾಲ ಮಣ್ಣಿನಲ್ಲಿ ಬದುಕಬಲ್ಲವು. ಹೂ ಬಿಡುವ ಮುಂಚೆ ಕೀಳಬೇಕು. ಆ ಹೊಲದಲ್ಲಿ ಹತ್ತಿ ಹಾಕಿದರೆ, ಅದರ ಬೇರಿನ ರಸಕ್ಕೆ ಸ್ಟ್ರೈಗಾ ಬೀಜ ಮೊಳೆತು, ಆಹಾರ ಸಿಗದೆ ಸಾಯುತ್ತದೆ. ಗೊಬ್ಬರ ಕಾಣದ ಬಡ ಹೊಲದಲ್ಲಿ ಇದರ ಹಾವಳಿ ಹೆಚ್ಚು.

ಹರಿಯಾಣದಲ್ಲಿ 1990ರ ದಶಕದಲ್ಲಿ ಗೋಧಿಯ 'ಗುಲ್ಲಿ ದಂಡಾ' ಕಸ ಐಸೋಪ್ರೊಟ್ಯುರಾನ್ ಔಷಧಿಗೂ ಬಗ್ಗದಾಯಿತು. ಆಗ ಅನೇಕ ರೈತರು ಭತ್ತ ಕೊಯ್ದ ಹೊಲವನ್ನು ಉಳದೆಯೇ ಗೋಧಿ ಬಿತ್ತಿದರು. ಮಣ್ಣು ಕದಡದ ಕಾರಣ ಆ ಕಸ ಕಡಿಮೆ ಹುಟ್ಟಿತು. ನಮ್ಮ ಗರಿಕೆಗೆ ಆ ಉಪಾಯ ನಡೆಯದು. ಒಂದೇ ಉಳುಮೆ ಎಲ್ಲ ಕಸಕ್ಕೂ ಮದ್ದಲ್ಲ.

ಆರೋಗ್ಯದ ಮಾತು: ಕಾಂಗ್ರೆಸ್ ಕಸ ಕೀಳುವಾಗ ಕೈಗೆ ಬಟ್ಟೆ ಸುತ್ತಿಕೊಳ್ಳಿ, ಮೂಗು ಮುಚ್ಚಿಕೊಳ್ಳಿ. ಅದರಿಂದ ತುರಿಕೆ, ಕೆಲವರಿಗೆ ಉಬ್ಬಸ ಬರುತ್ತದೆ. ಹೂವಾಗುವ ಮೊದಲೇ ಕಿತ್ತರೆ ಬೀಜವೂ ಉದುರದು.

ಈ ಸಲ ಟ್ರ್ಯಾಕ್ಟರ್‌ಗೆ ಬಾಡಿಗೆ ಕೊಡುವ ಮುಂಚೆ ಮನೆಯವರೆಲ್ಲ ಸೇರಿ ಹೊಲವನ್ನೊಮ್ಮೆ ಸುತ್ತಿ ಬರೋಣ. ಯಾವ ಕಸವಿದೆ ಎಂದು ನೋಡಿ, ಅದಕ್ಕೆ ತಕ್ಕ ಉಳುಮೆ ಮಾಡೋಣ.