ಕಾಫಿಯ ಲೋಟವೂ ಭೋಗೋಪಭೋಗ ಪರಿಮಾಣ ವ್ರತವೂ

ಭೋಗೋಪಭೋಗ ಪರಿಮಾಣ ವ್ರತವನ್ನು ಸ್ವೀಕರಿಸಿದ ಶ್ರಾವಕ ಶ್ರಾವಿಕೆಯರು ವಸ್ತ್ರ, ಆಭರಣ, ವಾಹನ, ಹಸಿರು ಕಾಯಿಪಲ್ಯ ಮೊದಲಾದುವಕ್ಕೆ ಮಿತಿಯನ್ನು ಗೊತ್ತುಪಡಿಸಿಕೊಳ್ಳುವುದುಂಟು. ಆದರೆ ದಿನಕ್ಕೆ ಮೂರು ನಾಲ್ಕು ಬಾರಿ ಕೈಗೆ ಬರುವ ಕಾಫಿ ಚಹಗಳ ಲೋಟ ಮಾತ್ರ ಆ ಎಣಿಕೆಯಿಂದ ತಪ್ಪಿಸಿಕೊಳ್ಳುತ್ತದೆ. ಅದು ಭೋಗವೆಂದು ನಮಗೆ ತೋರುವುದಿಲ್ಲ. ಕೆಲಸಕ್ಕೆ ಬೇಕಾದ ಸಾಧನವೆಂದೇ ತೋರುತ್ತದೆ. ಹೀಗೆ ಲೆಕ್ಕಕ್ಕೆ ಸಿಗದ ವಸ್ತುವು ಪರ್ವದಿನದ ಉಪವಾಸವನ್ನು ಹೇಗೆ ಬಾಧಿಸುತ್ತದೆ, ಅದಕ್ಕೆ ಉಪಾಯವೇನು ಎಂಬುದನ್ನು ಈ ಪಾಠದಲ್ಲಿ ವಿಚಾರಿಸೋಣ.

ಶಾಸ್ತ್ರದ ಮಾತು

ಒಮ್ಮೆ ಅನುಭವಿಸಿ ಬಿಡತಕ್ಕುದು ಭೋಗ. ಮತ್ತೆ ಮತ್ತೆ ಬಳಸತಕ್ಕುದು ಉಪಭೋಗ. ಅನ್ನಪಾನಗಳು ಮೊದಲನೆಯದಕ್ಕೆ, ವಸ್ತ್ರಾಭರಣಗಳು ಎರಡನೆಯದಕ್ಕೆ ಸೇರುತ್ತವೆ. ಆದುದರಿಂದ ಕಾಫಿಯು ನಿಸ್ಸಂಶಯವಾಗಿ ಭೋಗವೇ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ವ್ರತಕ್ಕೆ ಎರಡು ದಾರಿಗಳನ್ನು ತೋರಿಸಿದ್ದಾರೆ. ಕಾಲದ ಮಿತಿಯಿಟ್ಟು ಮಾಡುವ ತ್ಯಾಗ ನಿಯಮ. ಜೀವವಿರುವ ತನಕ ಮಾಡುವ ತ್ಯಾಗ ಯಮ. ದಿನ, ಪಕ್ಷ, ತಿಂಗಳು, ಋತು, ಅಯನ ಎಂದು ನಿಯಮದ ಕಾಲವನ್ನು ಅವರವರ ಶಕ್ತಿಗೆ ತಕ್ಕಂತೆ ಹಿಡಿಯಬಹುದು. ಒಂದೇ ಸಲಕ್ಕೆ ಯಮವನ್ನು ಹಿಡಿಯಲಾರದ ಗೃಹಸ್ಥನಿಗೆ ಇದೊಂದು ದೊಡ್ಡ ಅನುಕೂಲ.

ವೈದ್ಯಶಾಸ್ತ್ರದ ಮಾತು

ಕಾಫಿ ಚಹಗಳಲ್ಲಿರುವ ಉತ್ತೇಜಕ ವಸ್ತುವಿಗೆ ಕೆಫೀನ್ ಎಂದು ಹೆಸರು. ನಾವು ಎಚ್ಚರವಿರುವಷ್ಟು ಹೊತ್ತು ಮಿದುಳಿನಲ್ಲಿ ಅಡೆನೊಸಿನ್ ಎಂಬ ವಸ್ತು ಸೇರುತ್ತ ಬಂದು ನಿದ್ರೆಯನ್ನು ಕರೆಯುತ್ತದೆ. ಅದು ನೆಲೆಗೊಳ್ಳಬೇಕಾದ ಸ್ಥಾನಗಳನ್ನು ಕೆಫೀನು ಆಕ್ರಮಿಸಿಕೊಳ್ಳುತ್ತದೆ. ಆಗ ದಣಿವು ತೀರುವುದಿಲ್ಲ, ದಣಿವಿನ ಅರಿವು ಮಾತ್ರ ಮರೆಯಾಗುತ್ತದೆ. ನಿತ್ಯವೂ ಕುಡಿಯುವವರ ದೇಹವು ಇದಕ್ಕೆ ಹೊಂದಿಕೊಳ್ಳುತ್ತದೆ. ಆದುದರಿಂದ ಬೆಳಗಿನ ಲೋಟವು ಕೊಡುವ ಚುರುಕಿನಲ್ಲಿ ಒಂದು ಪಾಲು, ಹಿಂದಿನ ದಿನದ ಅಭ್ಯಾಸವು ಉಂಟುಮಾಡಿದ ಕೊರತೆಯನ್ನು ತುಂಬಿದ್ದು ಮಾತ್ರ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ರಾಷ್ಟ್ರೀಯ ಪೋಷಣಾ ಸಂಸ್ಥೆಯೊಡನೆ ೨೦೨೪ರಲ್ಲಿ ಹೊರಡಿಸಿದ ಆಹಾರ ಮಾರ್ಗದರ್ಶಿಯು ದಿನಕ್ಕೆ ೩೦೦ ಮಿಲಿಗ್ರಾಂ ಕೆಫೀನನ್ನು ಮೀರಬಾರದೆಂದು ಹೇಳಿದೆ. ೧೫೦ ಮಿಲಿಲೀಟರಿನ ಒಂದು ಲೋಟ ಸೋಸಿದ ಕಾಫಿಯಲ್ಲಿ ೮೦ರಿಂದ ೧೨೦, ಅಷ್ಟೇ ಚಹದಲ್ಲಿ ೩೦ರಿಂದ ೬೫ ಮಿಲಿಗ್ರಾಂ ಇರುತ್ತದೆಂದು ಅಲ್ಲಿಯೇ ಲೆಕ್ಕ ಕೊಟ್ಟಿದೆ. ಹಾಲು ಹೆಚ್ಚಾದರೆ, ಚಿಕೋರಿ ಬೆರೆತರೆ ಈ ಪ್ರಮಾಣವು ಇಳಿಯುತ್ತದೆ. ಗಟ್ಟಿ ಡಿಕಾಕ್ಷನ್ನಾದರೆ ಏರುತ್ತದೆ. ಗಟ್ಟಿ ಕಾಫಿ ನಾಲ್ಕು ಲೋಟವಾದರೆ ಮಿತಿ ಮೀರಿತೆಂದೇ ತಿಳಿಯಬೇಕು. ಊಟಕ್ಕೆ ಒಂದು ಗಂಟೆ ಮುಂಚೆಯೂ ಅನಂತರ ಒಂದು ಗಂಟೆಯೂ ಇವು ಸಲ್ಲವು. ಆಹಾರದ ಕಬ್ಬಿಣಾಂಶವು ಮೈಗೆ ಹತ್ತುವುದನ್ನು ಇವು ತಡೆಯುತ್ತವೆ.

ಉಪವಾಸದ ತಲೆನೋವು

ನಿತ್ಯ ಕುಡಿಯುವವರು ಒಮ್ಮೆಗೇ ಬಿಟ್ಟರೆ ೧೨ರಿಂದ ೨೪ ಗಂಟೆಗಳೊಳಗೆ ತಲೆನೋವು, ಮಂಪರು, ಸಿಡುಕು ತೊಡಗುತ್ತವೆ. ೨೦ರಿಂದ ೫೧ ಗಂಟೆಗಳ ನಡುವೆ ಅವು ತೀವ್ರವಾಗಿ, ಎರಡರಿಂದ ಒಂಬತ್ತು ದಿನಗಳಲ್ಲಿ ಶಮನವಾಗುತ್ತವೆ. ಈ ಲೆಕ್ಕವನ್ನು ಅಷ್ಟಮಿಯ ಪ್ರೋಷಧೋಪವಾಸಕ್ಕೆ ಹೊಂದಿಸಿ ನೋಡಿರಿ. ಸಪ್ತಮಿಯಂದು ಏಕಭುಕ್ತ, ಅಷ್ಟಮಿಯಂದು ಚತುರ್ವಿಧ ಆಹಾರತ್ಯಾಗ, ನವಮಿಯಂದು ಪುನಃ ಏಕಭುಕ್ತ. ಸಪ್ತಮಿಯ ಮಧ್ಯಾಹ್ನ ಕೊನೆಯ ಲೋಟವಾದರೆ, ನೋವು ಆರಂಭವಾಗುವುದು ಆ ನಡುರಾತ್ರಿಯಿಂದ ಮರುದಿನ ಮಧ್ಯಾಹ್ನದೊಳಗೆ. ತೀವ್ರವಾಗುವುದು ಉಪವಾಸದ ದಿನದಂದೇ. ನೀರು ಆಹಾರಗಳಿಲ್ಲದುದರಿಂದಲೂ ತಲೆನೋವು ಬರಬಹುದು, ನಿಜ. ಆದರೆ ಅನೇಕರು ಉಪವಾಸದ ಮೇಲೆ ಹೊರಿಸುವ ದೂರಿನಲ್ಲಿ ದೊಡ್ಡ ಪಾಲು ಕಾಫಿಯದು.

ಪರೀಷಹವೆಂದು ಸಹಿಸಿದರಾಯಿತಲ್ಲವೆ ಎಂದು ಕೆಲವರು ಕೇಳಬಹುದು. ಸಮತೆಯಿಂದ ಸಹಿಸಬಲ್ಲವರು ಧನ್ಯರು. ಆದರೆ ಸಾಮಾನ್ಯ ಗೃಹಸ್ಥನಲ್ಲಿ ಆಗುವುದೇನು? ಬಿಟ್ಟ ಕಾಫಿಯ ಚಿಂತೆ ಇಷ್ಟವಿಯೋಗದ ಆರ್ತಧ್ಯಾನ. ತಲೆನೋವಿನ ಚಿಂತೆ ವೇದನೆಯ ಆರ್ತಧ್ಯಾನ. ಧರ್ಮಧ್ಯಾನಕ್ಕೆಂದು ಮೀಸಲಿಟ್ಟ ದಿನವು ಆರ್ತಧ್ಯಾನದಲ್ಲಿ ಕಳೆದರೆ ಹೊಟ್ಟೆ ಬರಿದಾಯಿತೇ ಹೊರತು ಉಪವಾಸವಾಗಲಿಲ್ಲ.

ನಿದ್ರೆಯೂ ಹದಿನೈದು ಪ್ರಮಾದಗಳಲ್ಲಿ ಒಂದು, ಅದನ್ನು ಗೆಲ್ಲಲು ಕಾಫಿ ಸಹಾಯವಲ್ಲವೆ ಎಂಬ ಪ್ರಶ್ನೆಯೂ ಬರಬಹುದು. ಕಾಫಿ ನಿದ್ರೆಯನ್ನು ಗೆಲ್ಲುವುದಿಲ್ಲ, ಮುಂದೂಡುತ್ತದೆ. ಕುಡಿದ ಕೆಫೀನಿನ ಅರ್ಧಭಾಗ ಸುಮಾರು ಐದು ಗಂಟೆಗಳ ಅನಂತರವೂ ರಕ್ತದಲ್ಲಿರುತ್ತದೆ. ಸಂಜೆ ಐದಕ್ಕೆ ಕುಡಿದುದರ ಅರ್ಧ ರಾತ್ರಿ ಹತ್ತಕ್ಕೂ ಉಳಿಯಿತು. ಪರೀಕ್ಷೆಗೆ ಓದುವ ಮಕ್ಕಳೂ ಕಚೇರಿಗೆ ಹೋಗುವವರೂ ಇದನ್ನು ಗಮನಿಸಬೇಕು. ಇರುಳಿನ ನಿದ್ರೆ ಕೆಟ್ಟರೆ ಮರುದಿನದ ಕೆಲಸವೂ ಕೆಡುತ್ತದೆ, ಲೋಟಗಳು ಹೆಚ್ಚುತ್ತವೆ.

ಮಿತಿಗೊಳಿಸುವ ಕ್ರಮ

ದಶಲಕ್ಷಣ ಪರ್ವವು ಭಾದ್ರಪದ ಶುಕ್ಲ ಪಂಚಮಿಯಂದು ಆರಂಭವಾಗುತ್ತದೆ. ಶ್ರಾವಣದ ಹುಣ್ಣಿಮೆಯಿಂದ ಅದಕ್ಕೆ ಸುಮಾರು ಇಪ್ಪತ್ತು ದಿನಗಳ ಅವಕಾಶವಿದೆ. ನಾಲ್ಕು ಲೋಟ ಕುಡಿಯುವವರು ಅಂದು ಸಂಜೆಯ ಲೋಟವನ್ನು ಬಿಡಲಿ. ಐದೈದು ದಿನಗಳಿಗೆ ಒಂದೊಂದನ್ನು ಇಳಿಸುತ್ತ ಹೋಗಲಿ. ಕೊನೆಯ ಐದು ದಿನಗಳು ಪೂರ್ಣ ತ್ಯಾಗದಲ್ಲಿ ಕಳೆದು, ಪರ್ವದ ಹೊತ್ತಿಗೆ ದೇಹವು ಬಹುಮಟ್ಟಿಗೆ ಹೊಂದಿಕೊಂಡಿರುತ್ತದೆ. ಗರ್ಭಿಣಿಯರು, ಹೃದ್ರೋಗಿಗಳು, ನಿತ್ಯ ಔಷಧ ಸೇವಿಸುವವರು ವೈದ್ಯರನ್ನು ಕೇಳಿಯೇ ನಿಯಮ ಹಿಡಿಯಬೇಕು.

ಪರ್ವವು ಮುಗಿದ ಮೇಲೆ ಯಮ ಹಿಡಿಯಲಾರದವರು ಬೆಳಗ್ಗೆ ಒಂದೇ ಲೋಟ, ಅಷ್ಟಮಿ ಚತುರ್ದಶಿಗಳಲ್ಲಿ ಅದೂ ಇಲ್ಲ ಎಂದು ಒಂದು ಋತುವಿನ ಮಟ್ಟಿಗೆ ನಿಯಮ ಮಾಡಿಕೊಳ್ಳಲಿ. ತಿಂಗಳಿನ ಆ ನಾಲ್ಕು ತಿಥಿಗಳೇ ನಮಗೆ ಪರೀಕ್ಷೆ. ಅಂದು ತಲೆನೋವಿಲ್ಲದೆ, ಸಿಡುಕಿಲ್ಲದೆ ದಿನ ಕಳೆದರೆ ಕಾಫಿ ನಮ್ಮ ಅಧೀನದಲ್ಲಿದೆ. ಇಲ್ಲವಾದರೆ ಒಂದೇ ಲೋಟವಾದರೂ ನಾವೇ ಅದರ ಅಧೀನ.

ಎಣಿಕೆ ಇಳಿದ ಮಾತ್ರಕ್ಕೆ ವ್ರತವು ಪೂರ್ತಿಯಾಗದು. ಆಚಾರ್ಯರು ಹೇಳಿದ ಐದು ಅತಿಚಾರಗಳನ್ನು ಇಲ್ಲಿಗೆ ಅನ್ವಯಿಸಿಕೊಳ್ಳಬೇಕು. ಮಿತಿಯಿಟ್ಟ ಮೇಲೂ ಅದರ ಮೇಲಿನ ಆದರ ಕುಗ್ಗದಿರುವುದು ಅನುಪೇಕ್ಷಾ. ಸ್ವಾಧ್ಯಾಯದ ನಡುವೆ ಡಿಕಾಕ್ಷನ್ನಿನ ಪರಿಮಳವನ್ನು ನೆನೆಯುವುದು ಅನುಸ್ಮೃತಿ. ಒಂದೇ ಲೋಟವೆಂಬ ನಿಯಮಕ್ಕೆ ಚೊಂಬಿನಂತಹ ಲೋಟವನ್ನು ಹುಡುಕುವುದು ಅತಿಲೌಲ್ಯ. ಪಾರಣೆಯ ಕಾಫಿಗಾಗಿ ಗಡಿಯಾರ ನೋಡುತ್ತ ಕುಳಿತಿರುವುದು ಅತಿತೃಷೆ. ನಿಯತಕಾಲದಲ್ಲಿಯೇ ಆದರೂ ಮಿತಿಮೀರಿದ ಆಸಕ್ತಿಯಿಂದ ಸವಿಯುವುದು ಅನುಭವ. ಲೋಟವನ್ನು ಇಳಿಸುವಾಗ ಆಸೆಯನ್ನೂ ಇಳಿಸುವುದೇ ಈ ವ್ರತದ ತಿರುಳು.

ಮನನಕ್ಕೆ

೧. ನಿಮ್ಮ ಮನೆಯಲ್ಲಿ ಒಬ್ಬೊಬ್ಬರು ದಿನಕ್ಕೆ ಎಷ್ಟು ಲೋಟ ಕಾಫಿ ಚಹ ಕುಡಿಯುತ್ತಾರೆ? ಒಂದು ವಾರ ಬರೆದಿಡಿರಿ.
೨. ನಿಯಮಕ್ಕೂ ಯಮಕ್ಕೂ ಇರುವ ಭೇದವೇನು? ನಿಮ್ಮ ಶಕ್ತಿಗೆ ತಕ್ಕುದು ಯಾವುದು?
೩. ಐದು ಅತಿಚಾರಗಳಲ್ಲಿ ನಿಮ್ಮನ್ನು ಹೆಚ್ಚಾಗಿ ಬಾಧಿಸುವುದು ಯಾವುದು?