ಮಡಕೆಯ ಗೆರೆ ಬೆಳ್ಳಿಗೆ ಬಂದಾಗ

ಫೆಸ್ಟ್ ಸ್ಟಾಲ್‌ಗೆ ಲೇಸರ್ ಕಟ್ಟರ್‌ನಲ್ಲಿ ಕಿವಿಯೋಲೆ ಮಾಡೋಣ ಅಂತ ಡಿಸೈನ್ ಹುಡುಕ್ತಿದ್ದೆ. ಒಂದು ಕಪ್ಪು ಮಡಕೆ ಮೇಲಿನ ಸುರುಳಿ ತುಂಬಾ ಇಷ್ಟವಾಯ್ತು. ಫೈಲ್ ರೆಡಿ ಮಾಡಿದ ಮೇಲೆ, ಅದು ಯಾರದ್ದು ಅಂತ ಓದಿದೆ.

ಅದು ಅಮೆರಿಕದ ಮೂಲನಿವಾಸಿಗಳಾದ ಕ್ಯಾಡೊ ಜನರದ್ದು. ಈಗಿನ ಟೆಕ್ಸಾಸ್, ಲೂಯಿಸಿಯಾನ, ಅರ್ಕನ್ಸಾ, ಒಕ್ಲಹೋಮ ಸೇರುವ ಕಡೆ ಅವರ ಊರುಗಳಿದ್ದವು. ‘ಟೆಕ್ಸಾಸ್’ ಅನ್ನೋ ಹೆಸರೇ ‘ಸ್ನೇಹಿತ’ ಎಂಬ ಅರ್ಥದ ಅವರ ಪದದಿಂದ ಬಂದದ್ದು! ಆದರೂ 1859ರಲ್ಲಿ ಅವರನ್ನು ಟೆಕ್ಸಾಸ್‌ನಿಂದ ಹೊರಹಾಕಿದರು. ಈಗ ಅವರ ಕೇಂದ್ರ ಒಕ್ಲಹೋಮದ ಬಿಂಗರ್ ಹತ್ತಿರ ಇದೆ. ನೆಲ ಕಳೆದುಕೊಂಡು ಅಲೆದ ಆ ಕಾಲದಲ್ಲಿ ಮಡಕೆ ಮಾಡುವ ವಿದ್ಯೆಯೂ ನಿಂತುಹೋಯಿತು.

ಮಡಕೆ ಹೇಗೆ ಮಾಡ್ತಾರೆ?

ಚಕ್ರ ಇಲ್ಲ. ಮಣ್ಣನ್ನು ಹಗ್ಗದ ಹಾಗೆ ಹೊಸೆದು, ಸುತ್ತಿ ಸುತ್ತಿ ಏರಿಸ್ತಾರೆ. ಸುಡುವಾಗ ಬಿರುಕು ಬಿಡದಿರಲಿ ಅಂತ ಮಣ್ಣಿಗೆ ಹಳೇ ಮಡಕೆಯ ಪುಡಿ, ಮೂಳೆ ಅಥವಾ ಚಿಪ್ಪಿನ ಪುಡಿ ಬೆರೆಸ್ತಾರೆ. ನುಣುಪು ಕಲ್ಲಿನಿಂದ ಉಜ್ಜಿ ಹೊಳಪು ತರ್ತಾರೆ. ತೆರೆದ ಬೆಂಕಿಯಲ್ಲಿ ಸುಡುವಾಗ ಆಕ್ಸಿಜನ್ ಕಡಿಮೆ ಮಾಡಿದರೆ ಮೈ ಕಪ್ಪಾಗುತ್ತೆ. ಕೊರೆದ ಗೆರೆಗೆ ಕೆಂಪು ಅಥವಾ ಬಿಳಿ ಬಣ್ಣ ತುಂಬಿದರೆ ಸುರುಳಿ ಎದ್ದು ಕಾಣುತ್ತೆ.

ಬೆಳ್ಳಿಯಲ್ಲಿ ಏನು ಬದಲಾಗುತ್ತೆ?

ಒಂದು, ಬಣ್ಣ. ಬೆಳ್ಳಿಯಲ್ಲಿ ಗೆರೆ ಕೊರೆದು ಗಂಧಕದ ದ್ರಾವಣ ಹಚ್ಚಿದರೆ ಸಿಲ್ವರ್ ಸಲ್ಫೈಡ್ ಆಗಿ ಕಪ್ಪಾಗುತ್ತೆ. ಮೇಲ್ಮೈ ಮಾತ್ರ ಪಾಲಿಶ್ ಮಾಡಿದರೆ ತಗ್ಗಿನಲ್ಲಿ ಕಪ್ಪು ಉಳಿಯುತ್ತೆ. ಅಂದ್ರೆ ಮಡಕೆಗೆ ಉಲ್ಟಾ: ಮೈ ಬಿಳಿ, ಗೆರೆ ಕಪ್ಪು.

ಎರಡು, ಜಾಮಿಟ್ರಿ. ಮಡಕೆ ಸುತ್ತ ಓಡುವ ಸುರುಳಿಗೆ ಶುರು, ಕೊನೆ ಇಲ್ಲ. ಚಪ್ಪಟೆ ಪೆಂಡೆಂಟ್ ಮೇಲೆ ಅದು ಅಂಚಿನಲ್ಲಿ ತುಂಡಾಗುತ್ತೆ. ಬಳೆಯಲ್ಲಾದರೆ ಮತ್ತೆ ಕೂಡಿಕೊಳ್ಳುತ್ತೆ, ಆದರೆ ಸುತ್ತಳತೆಯಲ್ಲಿ ಡಿಸೈನ್ ಪೂರ್ಣ ಸಂಖ್ಯೆಯಷ್ಟು ಸಲ ಬರಲೇಬೇಕು. ಮೂರೂವರೆ ಸುರುಳಿ ಬಂದ್ರೆ ಕೆಟ್ಟಿತು!

ಕಾಪಿ ಮಾಡಬಹುದಾ?

ನಿಂತುಹೋದ ವಿದ್ಯೆಯನ್ನು ಮತ್ತೆ ಎಬ್ಬಿಸಿದವರು ಜೆರಿ ರೆಡ್‌ಕಾರ್ನ್. 1990ರ ದಶಕದಲ್ಲಿ ಮ್ಯೂಸಿಯಂನಲ್ಲಿದ್ದ ಹಿರಿಯರ ಮಡಕೆಗಳನ್ನು ನೋಡಿ, ತಾವೇ ಪ್ರಯೋಗ ಮಾಡಿ ಕಲಿತರು. ಅವರ ಒಂದು ಮಡಕೆಯನ್ನು ಒಬಾಮ ಓವಲ್ ಆಫೀಸ್‌ನಲ್ಲಿ ಇಟ್ಟುಕೊಂಡಿದ್ದರು. ಇವತ್ತಿನ ಕ್ಯಾಡೊ ಕಲಾವಿದರು ಅದೇ ಗೆರೆಗಳನ್ನು ಆಭರಣಕ್ಕೂ ತರ್ತಿದ್ದಾರೆ.

ಆದರೆ ಮ್ಯೂಸಿಯಂಗಳಲ್ಲಿರುವ ಹಳೇ ಮಡಕೆಗಳಲ್ಲಿ ಎಷ್ಟೋ ಸಮಾಧಿಗಳಿಂದ ಅಗೆದು ತೆಗೆದವು. ಅಂಥ ವಸ್ತುಗಳನ್ನು ಜನಾಂಗಕ್ಕೆ ಹಿಂತಿರುಗಿಸಲು 1990ರಲ್ಲಿ ಅಮೆರಿಕ ಕಾನೂನು ಮಾಡಿತು. ಬೇರೆಯವರು ಮಾಡಿದ್ದನ್ನು ಮೂಲನಿವಾಸಿಗಳದ್ದು ಅಂತ ಮಾರಿದರೆ ಶಿಕ್ಷಿಸುವ ಕಾನೂನೂ ಅದೇ ವರ್ಷದ್ದು. ನಮ್ಮ ಸ್ಟಾಲ್‌ಗೆ ಆ ಕಾನೂನು ಬರಲ್ಲ, ಸರಿ. ಆದರೆ ಯಾರದ್ದೋ ಅಜ್ಜಿಯ ಸಮಾಧಿಯಲ್ಲಿ ಇಟ್ಟಿದ್ದ ಮಡಕೆಯ ಗೆರೆಯನ್ನು ಐವತ್ತು ರೂಪಾಯಿಗೆ ಮಾರೋಕೆ ಮನಸ್ಸು ಬರಲಿಲ್ಲ.

ಫೈಲ್ ಡಿಲೀಟ್ ಮಾಡಿದೆ. ಸುರುಳಿ ಹೇಗೆ ಕೂಡುತ್ತೆ ಅನ್ನೋ ಲೆಕ್ಕ ಮಾತ್ರ ಇಟ್ಕೊಂಡಿದ್ದೀನಿ.